ಕಲ್ಪಾಕ್ ಹಾಕಿಕೊಂಡು ಒಂದು ಫೋಟೋ

ಓಶ್
೧೪ ಏಪ್ರಿಲ್ ೧೯೭೪

ಬುರುಲ್ ಅಕ್ಕಾ,

ಕುರಿ, ಕುದುರೆ, ಅಪ್ಪ, ಅಮ್ಮ ಎಲ್ಲರೂ ಸೌಖ್ಯವೇ? ಈ ಸಾಲು ಬರೆಯದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ ಅಂತ ಗೊತ್ತು, ಅದಕ್ಕೇ ಬರೆದಿದ್ದೇನೆ. ಇನ್ನು ನನ್ನ ಸುದ್ದಿ.

ಈ ತಿಂಗಳ ನಮ್ಮ ಪತ್ರಿಕೆಯನ್ನು ಎಸೆನ್ ಮೇಷ್ಟ್ರ ಕೈಯಿಂದ ಕಸಿದುಕೊಂಡಾದರೂ ನೋಡು. ನಡುವಿನ ಎರಡು ಪುಟದ ತುಂಬ ಒಂದೇ ಫೋಟೋ ಇದೆ. ತೆಗೆದವನು ನಿನ್ನ ತಮ್ಮ. ಹೆಸರು ಸಣ್ಣ ಅಕ್ಷರದಲ್ಲಿದೆ, ಕನ್ನಡಕ ಹಾಕಿಕೋ.

ಫೆಬ್ರವರಿಯಲ್ಲಿ ಅಲಾಯ್ ಕಣಿವೆಗೆ ಕಳಿಸಿದ್ದರು, ಹಿಮದಲ್ಲಿ ಕುರಿ ಕಾಯುವವರ ಬದುಕನ್ನು ತೆಗೆದುಕೊಂಡು ಬಾ ಅಂತ. ಸಾರಿ-ಬೆಲ್ ಎಂಬ ಊರಿನಲ್ಲಿ ಉಮ್ಸುನ್ ಎಂಬ ವಿಧವೆಯ ಮನೆಯಲ್ಲಿ ಇಳಿದುಕೊಂಡಿದ್ದೆ. ಅವಳಿಗೆ ಒಬ್ಬನೇ ಮಗ, ಲಾರಿ ಓಡಿಸುತ್ತಿದ್ದ. ನಾನು ಹೋದ ಮರುದಿನವೇ ಘಟ್ಟದ ಮೇಲೆ ಹಿಮ ಕುಸಿದು ಅವನ ಲಾರಿ ಮುಚ್ಚಿಹೋಯಿತು. ಊರಿಗೆಲ್ಲ ಗೊತ್ತಾಯಿತು, ಅವಳಿಗೊಬ್ಬಳಿಗೆ ಬಿಟ್ಟು. ನಮ್ಮವರ ರೀತಿ ನಿನಗೆ ಹೇಳಬೇಕೇ? ಸಾವಿನ ಸುದ್ದಿಯನ್ನು ಕಾಗದದಲ್ಲಿ ಬರೆಯುವಂತಿಲ್ಲ, ತಂತಿಯಲ್ಲಿ ಕಳಿಸುವಂತಿಲ್ಲ, ದಾರಿಯಲ್ಲಿ ಸಿಕ್ಕವರು ಬಾಯಿ ಬಿಡುವಂತಿಲ್ಲ. ಹಿರಿಯರು ಕೂಡಿ ಮನೆಗೆ ಬಂದು, ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಹೇಳಬೇಕು. ಹುಡುಗನನ್ನು ಹಿಮದಡಿಯಿಂದ ತೆಗೆಯಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಅವಳು ಮಗ ಬರುತ್ತಾನೆಂದು ರೊಟ್ಟಿ ಸುಡುತ್ತಿದ್ದಳು, ಊರಿನವರು ಬಂದು ಚಹಾ ಕುಡಿದು ಹವೆಯ ಮಾತಾಡಿ ಹೋಗುತ್ತಿದ್ದರು.

ಮೂರನೆಯ ದಿನ ಹಿರಿಯರು ಬಂದರು. ಅದೃಷ್ಟ ನೋಡು, ಅವಳು ಕೂತಿದ್ದದ್ದು ಕಿಟಕಿಯ ಪಕ್ಕದಲ್ಲೇ. ಎಡಗಡೆಯಿಂದ ಹಿಮದ ಬೆಳಕು. ಹಿರಿಯರಲ್ಲಿ ಒಬ್ಬರು ಅವಳ ಕೈ ಹಿಡಿದ ಆ ಗಳಿಗೆ ನನಗೆ ಸಿಕ್ಕಿತು. ಒಂದೇ ಒಂದು ಸಲ ಒತ್ತಿದೆ, ಸಾಕಾಯಿತು. ಮಾಸ್ಕೋದ ಪ್ರದರ್ಶನಕ್ಕೂ ಹೋಗುತ್ತದಂತೆ.

ಅಪ್ಪನಿಗೆ ತೋರಿಸು. ಏನು ಅಂದ ಅಂತ ಇದ್ದದ್ದು ಇದ್ದಹಾಗೆ ಬರೆ. ಮುಂದಿನ ಕಾಗದ ಅರಾಲ್ಸ್ಕ್ ಅಂಚೆಮನೆಗೆ ಹಾಕು, ಅಲ್ಲಿ ಇಟ್ಟುಕೊಂಡಿರುತ್ತಾರೆ.

ಮಾಮಿರ್

*

ಕಾರಾ-ಬುಲುನ್
೫ ಮೇ ೧೯೭೪

ತಮ್ಮಾ,

ಇದ್ದದ್ದು ಇದ್ದಹಾಗೆ ಬರೆ ಅಂದಿದ್ದೀಯ. ಬರೆಯುತ್ತೇನೆ, ಆಮೇಲೆ ಮುಖ ಊದಿಸಿಕೊಳ್ಳಬೇಡ.

ಎಸೆನ್ ಮೇಷ್ಟ್ರು ತಾವೇ ಪತ್ರಿಕೆ ಹಿಡಿದುಕೊಂಡು ಓಡಿ ಬಂದರು. ಭೌತಶಾಸ್ತ್ರದ ಮೇಷ್ಟ್ರು ಈಗ ತಾವೂ ಒಂದು ಕ್ಯಾಮೆರಾ ಕೊಂಡಿದ್ದಾರೆ, ನಿನ್ನ ಹೆಸರು ಹೇಳಿದರೆ ಎದ್ದು ನಿಲ್ಲುತ್ತಾರೆ. ಅಪ್ಪ ಲಗಾಮು ಹೊಲಿಯುತ್ತಾ ಕೂತಿದ್ದ. ಪುಟ ಬಿಡಿಸಿ ಮುಂದೆ ಹಿಡಿದರು. ಅಪ್ಪ ಬಹಳ ಹೊತ್ತು ನೋಡಿದ. ನಾನು ಮೆಚ್ಚಿಕೊಂಡ ಅಂದುಕೊಂಡೆ.

"ಇವ್ನು ಆವಾಗ ಎಲ್ಲಿ ಕೂತಿದ್ದ?" ಅಂತ ಕೇಳಿದ.

ಮೇಷ್ಟ್ರು, "ಎದುರಿಗೇ ಇರ್ಬೇಕು, ಒಂದೆರಡು ಮಾರು ದೂರದಲ್ಲಿ. ಎಂಥಾ ಧೈರ್ಯ ನೋಡಿ ಯಜಮಾನ್ರೇ!" ಅಂದರು.

"ಮೂರು ದಿನ ಅವಳ ಕೈಯಡಿಗೆ ಉಂಡಿದಾನೆ. ಇನ್ನೊಂದು ಕೈ ಖಾಲಿ ಇತ್ತಲ್ಲ ಅವಳದ್ದು, ಅದನ್ನ ಹಿಡ್ಕೋಬೇಕಾದೋನು ಯಂತ್ರ ಹಿಡ್ಕೊಂಡು ಕೂತಿದ್ನಾ?" ಅಂದ. ಪತ್ರಿಕೆಯನ್ನು ಬೋರಲು ಮಾಡಿ ಇಟ್ಟು ಮತ್ತೆ ಸೂಜಿ ಹಿಡಿದುಕೊಂಡ. ಮೇಷ್ಟ್ರು ಚಹಾ ಕುಡಿಯದೇ ಹೋದರು. ಆಮೇಲೆ ಅಮ್ಮನ ಹತ್ತಿರ, "ನಾನು ಅವನಿಗೆ ಕುದುರೆ ಹತ್ತೋದು ಕಲಿಸ್ದೆ, ಎಲ್ಲಿ ಇಳೀಬೇಕು ಅನ್ನೋದು ಕಲಿಸ್ಲಿಲ್ಲ ಕಣೆ" ಅಂದನಂತೆ.

ಅಮ್ಮ ಪತ್ರಿಕೆಯನ್ನು ಹಿಟ್ಟಿನ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದಾಳೆ. ಅವಳಿಗೆ ಇರುವ ಯೋಚನೆ ಬೇರೆ. ಎಸೆನ್ ಮೇಷ್ಟ್ರ ತಂಗಿ ಓದು ಮುಗಿಸಿ ಬಂದಿದ್ದಾಳೆ, ನೀನು ಒಂದು ಸಲ ಊರಿಗೆ ಬಂದರೆ ಹಿರಿಯರನ್ನು ಕೂಡಿಸಿ ಮಾತು ಮುಗಿಸಿಬಿಡೋಣ ಅಂತ. ನಿನಗೆ ಮೂವತ್ತೇಳು ಆಯಿತು. ಅಂಗಿಯ ಗುಂಡಿ ಯಾರು ಹಾಕಿಕೊಡುತ್ತಾರೆ?

ಬುರುಲ್

*

ಅರಾಲ್ಸ್ಕ್
೧೬ ಜೂನ್ ೧೯೭೪

ಅಕ್ಕಾ,

ಅಂಗಿಗೆ ಗುಂಡಿ ಇಲ್ಲದೆಯೂ ಫೋಟೋ ತೆಗೆಯಬಹುದು. ಹಿರಿಯರನ್ನು ಕೂಡಿಸುವ ಮಾತು ಬಿಡು, ಅವರನ್ನು ಕೂಡಿಸುತ್ತೀರಿ ಅಂತ ಗೊತ್ತಾದರೆ ನಾನು ಇನ್ನೂ ದೂರದ ಊರಿಗೆ ಟಿಕೆಟ್ ತೆಗೆಸುತ್ತೇನೆ.

ಇಲ್ಲಿ ಮೀನುಗಾರರ ಜೊತೆ ಇದ್ದೇನೆ. ನೀರು ದಡ ಬಿಟ್ಟು ಹಿಂದೆ ಸರಿದಿದೆ, ದೋಣಿ ಕಟ್ಟುವ ಗೂಟ ಒಣ ನೆಲದಲ್ಲಿ ನಿಂತಿದೆ. ಮುದುಕನೊಬ್ಬ ದಿನಾ ಬಂದು ಆ ಗೂಟಕ್ಕೆ ಒರಗಿ ಕೂರುತ್ತಾನೆ, ಮಾತಿಲ್ಲ. ನನ್ನ ಕೆಲಸ ಇಷ್ಟೇ ಅಕ್ಕಾ: ಜನ ಬಾಯಲ್ಲಿ ಹೇಳಲಾರದ್ದನ್ನು ನೋಡುವುದು, ನೋಡದವರಿಗೆ ತೋರಿಸುವುದು. ಉಮ್ಸುನ್‌ಳ ಫೋಟೋ ನೋಡಿ ಎಲ್ಲೆಲ್ಲಿಂದಲೋ ಜನ ಅವಳಿಗೆ ಕಾಗದ ಬರೆದಿದ್ದಾರಂತೆ. ಅಪ್ಪ ಕೈ ಹಿಡಿದುಕೊಳ್ಳುವ ಮಾತಾಡುತ್ತಾನೆ. ಕೈ ಹಿಡಿಯಲು ಅಲ್ಲಿ ಇಡೀ ಊರಿತ್ತು.

ಕುರಿಯ ಬಾಲ ಹಿಡಿದು ತೂಗಿ ನೋಡುವವನಿಗೆ ಫೋಟೋ ಹೇಗೆ ಅರ್ಥವಾದೀತು? ಹತ್ತೊಂಬತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ನನ್ನ ಹತ್ತಿರ ಅಪ್ಪನ ಫೋಟೋ ಎಷ್ಟಿದೆ ಗೊತ್ತೇ? ಹದಿನೇಳು. ಹದಿನೇಳರಲ್ಲೂ ಬೆನ್ನು. ಕ್ಯಾಮೆರಾ ಎತ್ತಿದರೆ ಸಾಕು, ಕುದುರೆ ತಿರುಗಿಸಿಬಿಡುತ್ತಾನೆ. ಅವನ ಮುಖವೊಂದನ್ನು ಬಿಟ್ಟು ಈ ದೇಶದಲ್ಲಿ ಎಲ್ಲರ ಮುಖವನ್ನೂ ನಾನು ತೆಗೆದಿದ್ದೇನೆ. ಇದನ್ನು ಅವನಿಗೆ ಓದಿ ಹೇಳು.

ಮಾಮಿರ್

*

ಬೇಸಿಗೆಯ ಹುಲ್ಲುಗಾವಲಿನಿಂದ
೨೮ ಜುಲೈ ೧೯೭೪

ತಮ್ಮಾ,

ಓದಿ ಹೇಳಿದೆ. ಕುರಿಯ ಬಾಲದ ಮಾತು ಮಾತ್ರ ನುಂಗಿಕೊಂಡೆ.

ಅಪ್ಪ ಎದ್ದು ಕುರಿಗಳ ಕಡೆ ಹೋದ. ವಾರ ಕಳೆಯಿತು. ನಾನು ಕುದುರೆ ಹಾಲು ಕರೆಯುತ್ತಿದ್ದಾಗ ಹಿಂದೆ ಬಂದು ನಿಂತು, "ಬರೀ ಅವನಿಗೆ" ಅಂದ.

"ಏನಂತ?"

"ಬಂದು ಒಂದು ಫೋಟೋ ತೆಗೀಲಿ ಅಂತ."

"ಯಾರದು?"

"ನಂದೇ. ಇನ್ಯಾರದು, ಟಗರಿಂದಾ?"

ನಾನು ಹಾಲಿನ ಬಕೆಟ್ಟು ಕೆಳಗಿಟ್ಟೆ. ಆಮೇಲೆ ಕೂತು ನಿಧಾನವಾಗಿ ಹೇಳಿದ. ನಮ್ಮೂರ ಗೋರಿಗಳ ಕಲ್ಲಿನ ಮೇಲೆ ಈಗ ಎಲ್ಲರ ಮುಖವನ್ನೂ ಕೆತ್ತಿಸುತ್ತಾರಲ್ಲ, ಅವನಿಗೆ ಆ ಯೋಚನೆ ಬಂದಿದೆ. ಅವನದ್ದು ಇರುವುದು ಒಂದೇ ಫೋಟೋ, ಗುರುತಿನ ಪುಸ್ತಕದ್ದು. "ಆ ಕಚೇರಿಯೋನು ಕಲ್ಪಾಕ್ ಟೋಪಿ ತೆಗೀರಿ ಅಂದ. ಬೋಳುದಲೇಲಿ ಕೂರಿಸ್ಬಿಟ್ಟ. ನಾಳೆ ನೀವು ಅದನ್ನೇ ಕಲ್ಲಿಗೆ ಹಾಕಿದ್ರೆ, ಹೋಗೋರು ಬರೋರ ಮುಂದೆಲ್ಲ ನಾನು ಬರಿದಲೇಲಿ ನಿಂತಿರ್ಬೇಕಾ? ಕಲ್ಪಾಕ್ ಹಾಕ್ಕೊಂಡು ಒಂದು ಫೋಟೋ ಬೇಕು. ಬೂದು ಕುದುರೆ ಮೇಲೆ ಆದ್ರೆ ಇನ್ನೂ ವಾಸಿ" ಅಂದ.

ಎಸೆನ್ ಮೇಷ್ಟ್ರಿಗೆ ಹೇಳಲೇ ಅಂದೆ. "ಮಗ ಬದುಕಿರೋವಾಗ ಮೇಷ್ಟ್ರ ಕೈಲಿ ಯಾಕೆ ತೆಗೆಸ್ಕೊಳ್ಳಿ?" ಅಂದ.

ಇನ್ನೊಂದು ಮಾತೂ ಬರೆಯಲು ಹೇಳಿದ. "ಮೊದ್ಲು ಆ ಹೆಂಗಸಿನ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳ್ಲಿ. ಆಮೇಲೆ ಇಲ್ಲಿಗೆ ಬರ್ಲಿ." ಎದ್ದು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. "ಬೇಡ. ಅದು ಆಮೇಲೆ ಆಗುತ್ತೆ. ಮೊದ್ಲು ಇಲ್ಲಿಗೇ ಬರ್ಲಿ" ಅಂದ.

ನಾವು ಸೆಪ್ಟೆಂಬರ್ ಕೊನೆಗೆ ಕುರಿ ಹೊಡೆದುಕೊಂಡು ಕೆಳಗಿಳಿಯುತ್ತೇವೆ. ಅದಕ್ಕೂ ಮುಂಚೆ ಬಾ. ಅಪ್ಪನ ಕೆಮ್ಮು ಯಾವಾಗಲೂ ಇರುವಂಥದ್ದೇ, ಯೋಚನೆ ಮಾಡುವಂಥದ್ದೇನಿಲ್ಲ.

ಬುರುಲ್

*

ನುಕುಸ್
೨೬ ಆಗಸ್ಟ್ ೧೯೭೪

ಅಕ್ಕಾ,

ಕಾಗದ ಎರಡು ಊರು ಸುತ್ತಿ ಬಂದು ಕೈ ಸೇರಿತು. ಅಂಚೆಮನೆಯ ಕಟ್ಟೆಯ ಮೇಲೆ ನಿಂತು ಓದಿ ಗಟ್ಟಿಯಾಗಿ ನಕ್ಕೆ, ಪಕ್ಕದವರು ತಿರುಗಿ ನೋಡಿದರು. ಕೊನೆಗೂ ಮುದುಕ ಸೋತ! ಟಗರಿಗೆ ಬೇಜಾರಾಗಬಾರದು, ಅದರದ್ದೂ ಒಂದು ತೆಗೆಯುತ್ತೇನೆ ಅಂತ ಹೇಳು.

ಆದರೆ ಸೆಪ್ಟೆಂಬರ್ ಆಗುವುದಿಲ್ಲ. ಕಿಜಿಲ್‌ಕುಮ್ ಮರುಭೂಮಿಯಲ್ಲಿ ಬಾವಿ ತೋಡುವವರ ಜೊತೆ ಒಂದೂವರೆ ತಿಂಗಳ ಕೆಲಸ ಒಪ್ಪಿಕೊಂಡಿದ್ದೇನೆ. ಒಳ್ಳೆಯದೇ ಆಯಿತು ಅಂದುಕೋ. ಬೇಸಿಗೆಯ ಬೆಳಕು ಮೇಲಿನಿಂದ ಬೀಳುತ್ತದೆ, ಕಲ್ಪಾಕಿನ ನೆರಳು ಕಣ್ಣು ಮುಚ್ಚಿಬಿಡುತ್ತದೆ. ಅಕ್ಟೋಬರಿನ ಇಳಿಹೊತ್ತಿನ ಬೆಳಕು ಬೇರೆ, ಬದಿಯಿಂದ ಬಂದು ಮುಖದ ಗೆರೆಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಅಪ್ಪನ ಮುಖಕ್ಕೆ ಅದೇ ಸರಿ. ಪಡುವಣಕ್ಕೆ ಮುಖ ಮಾಡಿ ಕೂತು ಅಭ್ಯಾಸ ಮಾಡಿಕೊಳ್ಳಲಿ. ಎಷ್ಟೋ ವರ್ಷ ಕಾದಿದ್ದೇನೆ, ಅವನು ಎರಡು ತಿಂಗಳು ಕಾಯಲಿ.

ಉಮ್ಸುನ್‌ಳ ಮಾತು ಮಾತ್ರ ಬೇಡ. ನಾನು ಅಲ್ಲಿ ಯಾವ ತಪ್ಪನ್ನೂ ಮಾಡಿಲ್ಲ.

ಮಾಮಿರ್

*

ಕಾರಾ-ಬುಲುನ್
೨ ಅಕ್ಟೋಬರ್ ೧೯೭೪

ಮಾಮಿರ್,

ಕೈಯಲ್ಲಿರುವ ಕೆಲಸ ಬಿಟ್ಟು ಊರಿಗೆ ಬಾ. ಈ ಕಾಗದ ಸಿಕ್ಕ ದಿನವೇ ಹೊರಡು.

ನೀನು ಬಂದ ದಿನ ಮುಕಾಶ್ ದೊಡ್ಡಪ್ಪ ಮತ್ತೆ ನಾಲ್ಕು ಜನ ಹಿರಿಯರು ನಮ್ಮ ಮನೆಗೆ ಬರುತ್ತಾರೆ. ನಿನ್ನ ಹತ್ತಿರ ಕೂತು ಮಾತಾಡಬೇಕಂತೆ. ಇದಕ್ಕಿಂತ ಹೆಚ್ಚು ನಾನು ಬರೆಯುವಂತಿಲ್ಲ. ನೀನು ನಮ್ಮವನೇ, ನಮ್ಮಲ್ಲಿ ಯಾವುದನ್ನು ಬರೆಯುವುದಿಲ್ಲ ಅಂತ ನಿನಗೆ ಗೊತ್ತು.

ಕುರಿಗಳನ್ನು ಈ ಸಲ ಬೇಗ ಕೆಳಗಿಳಿಸಿದೆವು. ಅಮ್ಮ ಊಟ ಮಾಡುತ್ತಿದ್ದಾಳೆ. ಬಾ ತಮ್ಮಾ.

ಬುರುಲ್

*

ಕಿಜಿಲ್‌ಕುಮ್, ಬಾವಿಯ ಶಿಬಿರ
೩೦ ಅಕ್ಟೋಬರ್ ೧೯೭೪

ಅಕ್ಕಾ,

ಸಿಕ್ಕಿಬಿದ್ದೆ ನೀನು! ಹಿರಿಯರನ್ನು ಕೂಡಿಸಬೇಡ ಅಂತ ಅರಾಲ್ಸ್ಕ್‌ನಿಂದಲೇ ಬರೆದಿದ್ದೆ. ಈಗ ಐದು ಜನರನ್ನು ಸಾಲಾಗಿ ಕೂರಿಸಿ ನನ್ನನ್ನು ನಡುವೆ ತಳ್ಳುವ ಉಪಾಯ. 'ಬರೆಯುವಂತಿಲ್ಲ' ಬೇರೆ! ಮೇಷ್ಟ್ರ ತಂಗಿಯ ಮನೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೀರಿ, ನನಗೆ ಹೇಳಲು ಮುಖವಿಲ್ಲ, ಅಷ್ಟೇ ತಾನೇ? ಇಲ್ಲಿ ಬಾವಿ ತೋಡುವವರಿಗೆ ಓದಿ ಹೇಳಿದೆ. "ಓಡ್ಹೋಗೋಕೆ ಮರಳುಗಾಡಿಗಿಂತ ಒಳ್ಳೆ ಜಾಗ ಎಲ್ಲೈತೆ ಮಾರಾಯಾ, ಇಲ್ಲೇ ಬಿದ್ದಿರು" ಅಂತ ನಕ್ಕರು.

ಇಲ್ಲಿ ನೀರು ಇನ್ನೂ ಸಿಕ್ಕಿಲ್ಲ. ಅದು ಸಿಗುವ ದಿನ ನಾನು ಇಲ್ಲಿರಲೇಬೇಕು, ಇಲ್ಲದಿದ್ದರೆ ಇಷ್ಟು ದಿನದ್ದು ದಂಡ. ಅಕ್ಟೋಬರಿನ ಬೆಳಕು ಕೈ ತಪ್ಪಿತು, ನಿಜ. ಮಾರ್ಚಿನದೂ ಹೆಚ್ಚು ಕಡಿಮೆ ಅದೇ ಬೆಳಕು. ಅಪ್ಪನಿಗೆ ಹಾಗೇ ಹೇಳು.

ಅವನೇಕೆ ಈ ಸಲ ಒಂದು ಮಾತೂ ಹೇಳಿ ಬರೆಸಿಲ್ಲ? ಬರಲಿಲ್ಲ ಅಂತ ಮುನಿಸೇ? ನೀವು ಅವನ ಮಾತು ಕೇಳಿಯೇ ಹಿರಿಯರನ್ನು ಕೂಡಿಸಿದ್ದೋ?

ಮಾಮಿರ್

*

ಕಾರಾ-ಬುಲುನ್
೧೯ ನವೆಂಬರ್ ೧೯೭೪

ಮಾಮಿರ್,

ಮದುವೆಯ ಮಾತಲ್ಲ. ಎಸೆನ್ ಮೇಷ್ಟ್ರ ತಂಗಿಗೆ ಬೇರೆ ಕಡೆ ಗೊತ್ತಾಗಿದೆ.

ಈ ಕಾಗದದ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಈ ತಿಂಗಳ ಎರಡನೇ ತಾರೀಕು ನಮ್ಮ ಮನೆಯಲ್ಲಿ ಊರಿಗೆಲ್ಲ ಊಟ ಹಾಕಿದೆವು. ಆವತ್ತು ಮೇಷ್ಟ್ರು ತೆಗೆದದ್ದು. ನಾನೇ ಹೇಳಿ ತೆಗೆಸಿದೆ. ಯಾರು ಎಲ್ಲಿ ನಿಲ್ಲಬೇಕು ಅಂತಲೂ ನಾನೇ ಹೇಳಿದೆ.

ಜನ ಬಾಯಲ್ಲಿ ಹೇಳಲಾರದ್ದನ್ನು ನೋಡುವುದೇ ನನ್ನ ಕೆಲಸ ಅಂತ ಬರೆದಿದ್ದೆಯಲ್ಲ. ನೋಡು. ಅವಸರ ಮಾಡಬೇಡ. ಒಬ್ಬೊಬ್ಬರನ್ನೂ ನೋಡು. ಅಮ್ಮನನ್ನು ನೋಡು. ಕುದುರೆಯನ್ನು ನೋಡು. ಯಾರಿದ್ದಾರೆ, ಯಾರಿಲ್ಲ, ನೋಡು.

ಬುರುಲ್

*

ಬುಖಾರಾ
೨೨ ಡಿಸೆಂಬರ್ ೧೯೭೪

ಅಕ್ಕಾ,

ಮೇಷ್ಟ್ರ ಫೋಟೋ ನೋಡಿದೆ. ಇಷ್ಟೊಂದು ಒತ್ತಿ ಹೇಳಿದ್ದಕ್ಕೆ ಭೂತಗನ್ನಡಿ ಇಟ್ಟುಕೊಂಡು ನೋಡಿದೆ. ಮೇಷ್ಟ್ರು ನನ್ನ ಅಭಿಪ್ರಾಯ ಕೇಳಿದ್ದಾರೆ, ನಿನ್ನ ಮೂಲಕ ಕೇಳಿಸಿದ್ದಾರೆ ಅಂತ ಅರ್ಥವಾಯಿತು. ಹೊಸಬರಿಗೆ ಉತ್ಸಾಹ ಇರುವುದು ಒಳ್ಳೆಯದೇ. ಹೇಳಿಬಿಡು.

ಮೊದಲನೆಯದು, ನೆಲ ಎಡಕ್ಕೆ ವಾಲಿದೆ. ಎರಡನೆಯದು, ಫೋಟೋದ ಕಾಗದವನ್ನು ತೊಳೆಯುವಾಗ ಔಷಧದಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಾರೆ. ಅಮ್ಮನ ಬಿಳಿ ತಲೆವಸ್ತ್ರ ಕಪ್ಪಗೆ ಬಂದಿದೆ, ಪಾಪ, ಅಮ್ಮ ನೋಡಿದರೆ ಬೈಯುತ್ತಾಳೆ. ಮೂರನೆಯದು, ಕುದುರೆ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ, ಅದಕ್ಕೆ ಷಟರ್ ಇನ್ನೂ ಚುರುಕಾಗಿರಬೇಕು. ಬಾಲ ಬೀಸಿರಬೇಕು, ಅಲ್ಲಿ ಬಾಲವೇ ಮೂಡಿಲ್ಲ. ಮತ್ತೆ ಜನರಿಗೆ ನಗಲು ಹೇಳಬೇಕು. ಊಟ ಹಾಕಿದ ಮನೆಯಲ್ಲಿ ಎಲ್ಲರೂ ಹೀಗೆ ಮುಖ ಗಂಟಿಕ್ಕಿ ನಿಂತರೆ ಮಾಂಸ ಬೆಂದಿರಲಿಲ್ಲವೇನೋ ಅನ್ನಿಸುತ್ತದೆ.

ಅಪ್ಪ ಎಂದಿನ ಹಾಗೆ ಇದರಲ್ಲೂ ಇಲ್ಲ. ಮೇಷ್ಟ್ರ ಬೆನ್ನ ಹಿಂದೆ ನಿಂತುಕೊಂಡಿದ್ದನೇ? ನನ್ನ ಕೈಯಲ್ಲೇ ತೆಗೆಸಿಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದರೆ ನನಗೆ ಸಂತೋಷವೇ. ಮಾರ್ಚಿನಲ್ಲಿ ಖಂಡಿತ ಬರುತ್ತೇನೆ ಅಂತ ಹೇಳು.

ಬಾವಿಯಲ್ಲಿ ನೀರು ಬಂತು. ಉಪ್ಪು ನೀರು.

ಮಾಮಿರ್

*

ಕಾರಾ-ಬುಲುನ್
೧೯ ಜನವರಿ ೧೯೭೫

ಮಾಮಿರ್,

ನಿನ್ನ ಕಾಗದವನ್ನು ಎಸೆನ್ ಮೇಷ್ಟ್ರಿಗೆ ತೋರಿಸಲಿಲ್ಲ. ಅಮ್ಮನಿಗೆ ಓದಿ ಹೇಳಲಿಲ್ಲ.

ಒಂದು ಕೆಲಸ ಮಾಡು. ಮಾರ್ಚಿನಲ್ಲಿ ಊರಿಗೆ ಬರುವ ಮುಂಚೆ ಸಾರಿ-ಬೆಲ್‌ಗೆ ಹೋಗು, ಉಮ್ಸುನ್‌ಳ ಮನೆಗೆ. ಅಪ್ಪ ಹೇಳಿದ ಮಾತು ನೆನಪಿದೆಯಲ್ಲ. ಆವತ್ತು ಮೊದಲು ಇಲ್ಲಿಗೇ ಬರಲಿ ಅಂತ ತಿದ್ದಿದ್ದ. ಈಗ ಮೊದಲಿನ ಮಾತೇ ಇರಲಿ.

ಇದೊಂದನ್ನು ನಡೆಸಿಕೊಡು. ನಿನ್ನನ್ನು ಇನ್ನೇನೂ ಕೇಳುವುದಿಲ್ಲ. ಯಾವ ದಿನ ಅಲ್ಲಿರುತ್ತೀಯ ಅಂತ ತಂತಿ ಕೊಡು, ತಪ್ಪಿಸಬೇಡ.

ಬುರುಲ್

*

(ತಂತಿ)
ಫ್ರುಂಜೆ, ೧೨ ಫೆಬ್ರವರಿ ೧೯೭೫

ಮಾರ್ಚ್ ಇಪ್ಪತ್ತಕ್ಕೆ ಸಾರಿ-ಬೆಲ್ ತಲುಪುತ್ತೇನೆ. ಅಪ್ಪನಿಗೋಸ್ಕರ. ಅಲ್ಲಿಂದ ಸೀದಾ ಊರಿಗೆ. ಮಾಮಿರ್

*

ಕಾರಾ-ಬುಲುನ್
೨೦ ಫೆಬ್ರವರಿ ೧೯೭೫

ತಮ್ಮಾ,

ಈ ಕಾಗದವನ್ನು ಅಂಟಿಸಿ ಉಮ್ಸುನ್ ಅಮ್ಮನಿಗೆ ಕಳಿಸುತ್ತಿದ್ದೇನೆ. ಇದು ನಿನ್ನ ಕೈಗೆ ಬಂದಿದೆ ಅಂದರೆ ಅಲ್ಲಿಯ ಹಿರಿಯರು ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದಾರೆ. ಇನ್ನು ನಾನು ಬರೆಯಬಹುದು.

ಅಪ್ಪ ಹೋದದ್ದು ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ, ಹುಲ್ಲುಗಾವಲಿನಲ್ಲೇ, ಬೆಳಗ್ಗೆ ಚಹಾ ಕುಡಿದ ಮೇಲೆ. ಜುಲೈಯಲ್ಲೇ ಜಿಲ್ಲೆಯ ವೈದ್ಯರು ಶ್ವಾಸಕೋಶ ನೋಡಿ ಇನ್ನು ಎರಡು ಮೂರು ತಿಂಗಳು ಅಂದಿದ್ದರು. ನಾನು ಕೆಮ್ಮು ಯಾವಾಗಲೂ ಇರುವಂಥದ್ದೇ ಅಂತ ಬರೆದೆ. ಅವನೇ ಹಾಗೆ ಬರೆಸಿದ. "ಸಾಯ್ತಿದೀನಿ ಅಂತ ಬರೆದ್ರೆ ಭಯಕ್ಕೆ ಬರ್ತಾನೆ. ಫೋಟೋ ತೆಗೀಬೇಕು ಅಂತ ಬರೆದ್ರೆ ಆಸೆಗೆ ಬರ್ತಾನೆ. ಆಸೆಗೇ ಬರ್ಲಿ" ಅಂದ. ನಾನು ಅವನ ಮಾತು ಮೀರಿ ಒಂದು ಸಾಲು ಬರೆಯಬೇಕಿತ್ತು. ಇದು ನನ್ನ ತಪ್ಪು, ಇದನ್ನು ನಿನ್ನ ಮೇಲೆ ಹಾಕುವುದಿಲ್ಲ.

ನಿನ್ನ ಆಗಸ್ಟ್ ಕಾಗದ ಸೆಪ್ಟೆಂಬರ್ ಹತ್ತಕ್ಕೆ ಸಿಕ್ಕಿತು. 'ಮುದುಕ ಸೋತ' ಅನ್ನುವುದನ್ನೂ ಓದಿದೆ, ನಕ್ಕ. "ಬೆಳಕಿನ ವಿಷ್ಯ ಏನು ಬರೆದಿದಾನೆ, ಅದನ್ನ ಇನ್ನೊಂದ್ಸಲ ಓದು" ಅಂದ. ಆಮೇಲೆ ದಿನಾ ಇಳಿಹೊತ್ತಿಗೆ ಒಳ್ಳೆಯ ಕಲ್ಪಾಕ್ ಹಾಕಿಕೊಂಡು ಡೇರೆಯ ಮುಂದೆ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದ. ಕುದುರೆ ಹತ್ತಲು ಆಗುತ್ತಿರಲಿಲ್ಲ, ಅದನ್ನು ಪಕ್ಕದಲ್ಲಿ ಕಟ್ಟಿಸಿಕೊಳ್ಳುತ್ತಿದ್ದ. "ಗೆರೆಗಳು ಕಾಣ್ತಾವೇನೇ?" ಅಂತ ನನ್ನನ್ನು ಕೇಳುತ್ತಿದ್ದ. ಹದಿಮೂರು ಸಂಜೆ ಹಾಗೆ ಕೂತ.

ಮುಕಾಶ್ ದೊಡ್ಡಪ್ಪ ಅಕ್ಟೋಬರಿನಲ್ಲಿ ಫ್ರುಂಜೆಗೆ ಹೋಗಿ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದರು. ನೀನು ಮರುಭೂಮಿಯಲ್ಲಿ ಅಂದರು. ನಾವೇ ತಂತಿ ಕೊಟ್ಟು ತಿಳಿಸುತ್ತೇವೆ ಅಂದರಂತೆ. ದೊಡ್ಡಪ್ಪ ಕೈಮುಗಿದು, "ಬೇಡಿ ಸ್ವಾಮಿ, ನಮ್ಮ ಹುಡುಗ ಇಂಥದ್ದನ್ನ ಕಾಗದದ ಚೂರಲ್ಲಿ ಓದ್ಕೋಬಾರ್ದು" ಅಂತ ಹೇಳಿ ಬಂದರು. ನಿನಗೆ ಗೊತ್ತಾಗದೇ ಇದ್ದದ್ದಕ್ಕೆ ನಾವೂ ಕಾರಣ. ಆದರೆ ಬೇರೆ ಹೇಗೆ ಮಾಡಬೇಕಿತ್ತು ಅಂತ ಈಗಲೂ ನನಗೆ ತಿಳಿಯದು.

ಆಮೇಲೆ ಫೋಟೋದ ಯೋಚನೆ ಬಂತು. ಆವತ್ತು ಹಾಕಿದ್ದು ಅಪ್ಪ ಹೋದ ನಲವತ್ತನೇ ದಿನದ ಊಟ. ಅಮ್ಮನನ್ನು ಕಪ್ಪು ವಸ್ತ್ರದಲ್ಲಿ ಎದುರಿಗೆ ನಿಲ್ಲಿಸಿದೆ. ಯಜಮಾನ ಹೋದರೆ ಅವನ ಕುದುರೆಯ ಬಾಲ ಕತ್ತರಿಸಿ, ವರ್ಷ ತುಂಬುವವರೆಗೆ ಹತ್ತದೆ ಬಿಡುತ್ತಿದ್ದರಲ್ಲ, ಅದನ್ನು ಈಗ ಯಾರೂ ಮಾಡುವುದಿಲ್ಲ. ದೊಡ್ಡಪ್ಪನೂ ಬೇಡ ಅಂದರು. ನಿನಗೆ ಕಾಣಲಿ ಅಂತ ಕತ್ತರಿ ಹಿಡಿದು ನಾನೇ ಕತ್ತರಿಸಿದೆ. ಬೂದು ಕುದುರೆ ಅಲ್ಲಾಡದೆ ನಿಂತಿತ್ತು, ತಮ್ಮಾ.

ನಿನ್ನ ಉತ್ತರ ಓದಿ ಎರಡು ದಿನ ನಿನ್ನ ಹೆಸರು ಎತ್ತಲಿಲ್ಲ. ಮೂರನೆಯ ದಿನ ಹಿಟ್ಟಿನ ಪೆಟ್ಟಿಗೆಯ ಅಡಿಯಿಂದ ಆ ಪತ್ರಿಕೆ ತೆಗೆದು, ಫೋಟೋದ ಕೆಳಗಿದ್ದ ಊರಿನ ಹೆಸರು ನೋಡಿ ಉಮ್ಸುನ್ ಅಮ್ಮನಿಗೆ ಬರೆದೆ. ಹೇಗೆ ಉತ್ತರಿಸುತ್ತಾಳೋ ಅಂತ ಅಂಜಿಕೆಯಿತ್ತು. 'ಕಳಿಸು, ನನ್ನ ಮನೆಯಲ್ಲಿ ಉಂಡ ಹುಡುಗ' ಅಂತ ಬರೆದಳು.

ಈಗ ಒಂದು ಕೇಳುವುದಿದೆ. ಕಲ್ಲು ಕೆತ್ತುವವನು ಅಪ್ಪನ ಫೋಟೋ ಕೇಳುತ್ತಿದ್ದಾನೆ. ಬರಿದಲೆಯದ್ದನ್ನು ಕೊಡಲು ಅಮ್ಮ ಬಿಡುತ್ತಿಲ್ಲ. ಏನು ಹೇಳಲಿ?

ನಿನ್ನ ಅಕ್ಕ
ಬುರುಲ್

*

ಸಾರಿ-ಬೆಲ್
೨೧ ಮಾರ್ಚ್ ೧೯೭೫

ಅಕ್ಕಾ,

ಘಟ್ಟದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದೆ, ಎಂಟು ದಿನ ಆಗಬಹುದಂತೆ. ಇದನ್ನು ಆಚೆಯ ದಾರಿಯಲ್ಲಿ ಕುದುರೆಯ ಮೇಲೆ ಹೋಗುವವನ ಕೈಯಲ್ಲಿ ಕೊಡುತ್ತಿದ್ದೇನೆ. ನನಗಿಂತ ಮೊದಲು ನಿನ್ನನ್ನು ಸೇರುತ್ತದೆ.

ನಿನ್ನೆ ಮಧ್ಯಾಹ್ನ ಬಂದೆ. ಉಮ್ಸುನ್ ಅಮ್ಮ ಬಾಗಿಲಲ್ಲೇ ನನ್ನ ಹಣೆಗೆ ಮುತ್ತಿಟ್ಟಳು. ಒಳಗೆ ಹೋಗಿ ಅಭ್ಯಾಸದಿಂದ ಕಿಟಕಿಯ ಪಕ್ಕ ಕೂತೆ. "ಅಲ್ಲಿ ಬೇಡ ಮಗನೇ, ಗಾಳಿ ಬರುತ್ತೆ. ಅಲ್ಲಿ ಎಷ್ಟು ಚಳಿ ಅಂತ ನಂಗೊತ್ತು. ಒಲೆ ಹತ್ರ ಬಾ" ಅಂದಳು.

ನಾನು ನಿನಗೆ ಅದೃಷ್ಟ ಅಂತ ಬರೆದಿದ್ದೆ. ಅದೃಷ್ಟ ಅಲ್ಲ ಅಕ್ಕಾ. ಆ ದಿನ ಹಿರಿಯರು ಯಾವಾಗ ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಅವರು ಬರುವ ಸ್ವಲ್ಪ ಮೊದಲು ಅವಳ ಹಾಸನ್ನು ಒಲೆಯ ಹತ್ತಿರದಿಂದ ಎಳೆದು ಕಿಟಕಿಯ ಪಕ್ಕಕ್ಕೆ ಹಾಕಿದವನು ನಾನು. "ಇಲ್ಲಿ ಕೂತ್ಕೊಳಮ್ಮಾ, ಇಲ್ಲಿ ಬೆಚ್ಚಗಿದೆ" ಅಂದಿದ್ದೆ. ಫೆಬ್ರವರಿಯಲ್ಲಿ ಅಲಾಯ್‌ನ ಕಿಟಕಿ ಬೆಚ್ಚಗಿರುತ್ತದೆಯೇ? ಅವಳು ನನ್ನ ಮಾತು ಕೇಳಿ ಬಂದು ಕೂತಳು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಅದನ್ನ ಇಲ್ಲಿ ಕೊಡು" ಅಂತ ನನ್ನ ಕೊರಳಿನಿಂದ ಕ್ಯಾಮೆರಾ ತೆಗೆದು, ತನ್ನ ವಸ್ತ್ರದಲ್ಲಿ ಸುತ್ತಿ, ಕೌದಿಗಳ ಮೇಲೆ ಇಟ್ಟಳು. ಬಾಗಿಲು ತೆರೆದು ಐದು ಜನ ಮುದುಕರು ಒಳಗೆ ಬಂದರು. ಅವಳ ಮಗನ ವರ್ಷದ ವಿಚಾರವಿರಬೇಕು ಅಂದುಕೊಂಡೆ. ಅವರು ಅವಳ ಕಡೆ ನೋಡಲಿಲ್ಲ. ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತರು. ಆಗ ತಿಳಿಯಿತು. ತಿಳಿದಮೇಲೂ ಅವರು ಬಾಯಿ ತೆರೆಯುವವರೆಗೆ ತಿಳಿಯದವನ ಹಾಗೆ ಕೂತಿದ್ದೆ.

"ನಿಮ್ಮಪ್ಪ ಸರ್ಪೆಕ್ ಒಳ್ಳೆ ಸವಾರನಂತೆ ಕಣಪ್ಪಾ" ಅಂತ 'ಅಂತೆ' ಹಚ್ಚಿ ಶುರುಮಾಡಿದರು, ಅಪ್ಪನನ್ನು ಕಂಡವರೇ ಅಲ್ಲ. "ಸವಾರ ಎಷ್ಟೇ ಗಟ್ಟಿಗನಾದ್ರೂ ಒಂದಿನ ಇಳೀಲೇಬೇಕಲ್ವಾ. ನಿಮ್ಮಪ್ಪ ಇಳಿದ. ಗಟ್ಟಿಯಾಗಿರು" ಅಂದರು. ಒಂದು ಕೈಯನ್ನು ಹಿರಿಯರು ಹಿಡಿದಿದ್ದರು, ಇನ್ನೊಂದನ್ನು ಉಮ್ಸುನ್ ಅಮ್ಮ. ನಾನು ಯಾವಾಗ ಕೂಗಿದೆನೋ, ಎಷ್ಟು ಹೊತ್ತು ಕೂಗಿದೆನೋ ತಿಳಿಯದು. ಅವಳು ಕೈ ಬಿಡಲಿಲ್ಲ. ನನ್ನ ಎದುರಿಗೆ, ಕಿಟಕಿಯ ಕಡೆ, ಯಾರೂ ಇರಲಿಲ್ಲ.

ಸಂಜೆ ನಿನ್ನ ಕಾಗದ ಕೊಟ್ಟಳು. ಹದಿಮೂರು ಸಂಜೆ ಅನ್ನುವ ಕಡೆ ನಿಂತೆ, ಅಲ್ಲಿಂದ ಮುಂದಕ್ಕೆ ಹೋಗಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಚೀಲದಿಂದ ಮೇಷ್ಟ್ರ ಫೋಟೋ ತೆಗೆದು ಮತ್ತೆ ನೋಡಿದೆ. ಅಮ್ಮನ ಹಿಂದೆ ಬೇಲಿಯ ಮೇಲೆ ಹಿಮ ಬಿದ್ದಿದೆ. ಹಿಮ ಬೆಳ್ಳಗೆ ಬಂದಿದೆ. ಕಾಗದ ಔಷಧದಲ್ಲಿ ಹೆಚ್ಚು ಹೊತ್ತು ಇದ್ದಿದ್ದರೆ ಹಿಮವೂ ಕಪ್ಪಾಗಬೇಕಿತ್ತು. ಇದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಯುವ ಪಾಠ. ಎಸೆನ್ ಮೇಷ್ಟ್ರ ಫೋಟೋದಲ್ಲಿ ಯಾವ ತಪ್ಪೂ ಇಲ್ಲ. ನೆಲವೂ ವಾಲಿಲ್ಲ, ನಮ್ಮ ಅಂಗಳವೇ ಹಾಗಿದೆ. ನಾನು ಹುಟ್ಟಿ ಬೆಳೆದ ಅಂಗಳ.

ನಿನ್ನ ಮೇಲೆ ಸಿಟ್ಟಿಲ್ಲ. ಅಪ್ಪ ನನ್ನನ್ನು ಸರಿಯಾಗಿಯೇ ಅಂದಾಜು ಮಾಡಿದ್ದ, ಆಸೆಗೆ ಬರುತ್ತಾನೆ ಅಂತ. ಆಸೆ ಇತ್ತು. ಆ ಹೊತ್ತಿಗೆ ಇನ್ನೊಂದು ಊರಿನ ಬಾವಿಯ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಕಲ್ಲಿನ ವಿಷಯ. ನನ್ನ ಹತ್ತಿರ ಇರುವುದು ಆ ಹದಿನೇಳೇ. ಫ್ರುಂಜೆಯಲ್ಲಿ ನನ್ನ ಕೋಣೆಯ ನೀಲಿ ಡಬ್ಬಿಯಲ್ಲಿವೆ, ಬರುವಾಗ ಅಲ್ಲಿಗೆ ಹೋಗಿ ತರುತ್ತೇನೆ. ಅದರಲ್ಲಿ ಒಂದು ಚೆನ್ನಾಗಿದೆ. ಬೂದು ಕುದುರೆಯ ಮೇಲೆ ಕೂತು ದಿಬ್ಬ ಹತ್ತುತ್ತಿದ್ದಾನೆ. ಬೆನ್ನು ನೆಟ್ಟಗಿದೆ. ಕಲ್ಪಾಕ್ ಇದೆ. ಕುದುರೆಯ ಬಾಲವೂ ಇದೆ. ಅಮ್ಮ ಒಪ್ಪಿದರೆ ಅದನ್ನೇ ಕೆತ್ತಿಸೋಣ. ಅಮ್ಮನಿಗೆ ಆ ಬೆನ್ನು ಸಾಕು, ಗುರುತು ಹಿಡಿಯುತ್ತಾಳೆ.

ಊರಿನ ಗೋರಿಗಳೆಲ್ಲ ಬಂದವರಿಗೆ ಮುಖ ತೋರಿಸುತ್ತಿರುವಾಗ ಇದೊಂದೇ ಏಕೆ ಹೀಗೆ ಅಂತ ಜನ ಕೇಳುತ್ತಾರೆ. ಮುಚ್ಚಿಡಬೇಡ. ಮುಖ ತೋರಿಸಲು ಅಪ್ಪ ಹದಿಮೂರು ಸಂಜೆ ಕಾದು ಕೂತಿದ್ದ, ಮಗ ಬರಲಿಲ್ಲ, ಅಂತ ಹೇಳು.

ಮಾಮಿರ್